ಕರಡಿ ತೆರೆಯಬಾರದ ಡಬ್ಬಿ

ಮಾರ್ಚ್ 4

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಭೂಮಂಡಲದ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಪುರಸಭೆಯ ಅಧ್ಯಕ್ಷರು, ಇಬ್ಬರು ಸದಸ್ಯರು, ಒಂದು ಲಾರಿ ಮತ್ತು ಬೇರೆ ಕೆಲಸವಿಲ್ಲದ ಹನ್ನೊಂದು ಮಂದಿಯ ಸಮ್ಮುಖದಲ್ಲಿ, ನಮ್ಮ ಬೀದಿಗೆ ಒಂದು ಕಸದ ಡಬ್ಬಿ ಆಗಮಿಸಿದೆ.

ಅಧ್ಯಕ್ಷರು ಭಾಷಣ ಮಾಡಿದರು. ಮನುಷ್ಯ ಮೊದಲು ಬೆಂಕಿ ಕಂಡುಹಿಡಿದ, ಆಮೇಲೆ ಚಕ್ರ, ಅದಾದ ಮೇಲೆ ನೇರವಾಗಿ ಈ ಡಬ್ಬಿ ಎಂಬರ್ಥ ಬರುವಂತೆ ಮಾತಾಡಿ, ರಿಬ್ಬನ್ ಕತ್ತರಿಸಿ, ಎಲ್ಲಿ ಹಾಕುವುದೆಂದು ತಿಳಿಯದೆ ಆ ರಿಬ್ಬನ್ನನ್ನೇ ಮೊದಲ ಕಸವಾಗಿ ಒಳಗೆ ಹಾಕಿದರು. ಚಪ್ಪಾಳೆ ಬಿತ್ತು.

ನಿನ್ನ ಕಂಪನಿಯಲ್ಲಿ ನೀನು ರೂಪಿಸಿದ ಡಬ್ಬಿ, ನೀನು ಬರೆದಂತೆಯೇ ಇದೆ. ಹಸಿರು ಬಣ್ಣ, ನಿನ್ನ ಅತ್ತೆಯ ಭುಜದಷ್ಟು ಎತ್ತರ, ಕಾಂಕ್ರೀಟಿಗೆ ನಾಲ್ಕು ಬೋಲ್ಟು. ಮುಚ್ಚಳದ ಅಂಚಿನಲ್ಲಿ ತಗಡಿನ ಒಂದು ಜೇಬು. ಅದರೊಳಗೆ ನಾಲ್ಕು ಬೆರಳು ತೂರಿಸಿ, ಹೆಬ್ಬೆರಳನ್ನು ಹೊರಗೆ ಊರಿ, ಒಳಗಿನ ಪಟ್ಟಿಯನ್ನು ಹಿಂಡಿದರೆ ಚಿಲಕ ಬಿಡುತ್ತದೆ. ಕರಡಿಯ ಪಂಜ ಆ ಜೇಬಿನೊಳಗೆ ಹೋಗುವುದಿಲ್ಲ. ಅಂದ ಹಾಗೆ, ಗುಡ್ಡದಿಂದ ಇಳಿದು ಬರುವ ಆ ಕರಡಿಗೆ ನಮ್ಮ ಬೀದಿಯವರು ಬೀಗರು ಎಂದು ಹೆಸರಿಟ್ಟಿದ್ದಾರೆ. ಕರೆಯದೆ ಬರುತ್ತಾರೆ, ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾರೆ, ಏನಾದರೊಂದು ಉರುಳಿಸುತ್ತಾರೆ, ಹೋಗುವಾಗ ತೃಪ್ತಿಯಾಯಿತು ಎನ್ನುವ ಮುಖ ಮಾತ್ರ ಮಾಡುವುದಿಲ್ಲ.

ಎರಡು ತಲೆಮಾರು ಗಡಿಯಾರ ರಿಪೇರಿ ಮಾಡಿದ ಮನೆಯಲ್ಲಿ ಹುಟ್ಟಿ, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕೂದಲೆಳೆಯಂಥ ಸ್ಪ್ರಿಂಗು ಕೂರಿಸಲು ಕಲಿತವಳು ಕೊನೆಗೆ ಕಸದ ಡಬ್ಬಿ ಹಿಡಿದೆಯಲ್ಲ ಎಂದು ನಾನು ಅಂದದ್ದು ನಿಜ. ಆ ಮಾತನ್ನು ವಾಪಸು ತೆಗೆದುಕೊಂಡಿಲ್ಲ. ಆದರೂ ಅಂಗಡಿ ಡಬ್ಬಿಯ ಎದುರಿಗೇ ಇದೆಯೆಂದು ನನ್ನನ್ನು ಅಧಿಕೃತ ವೀಕ್ಷಕನನ್ನಾಗಿ ನೇಮಿಸಿದ್ದೀಯ. ವರದಿ ಕಾಗದದಲ್ಲೇ ಬರಬೇಕು, ಫೋನಿನಲ್ಲಿ ಹೇಳಿದ್ದು ನಡೆಯುವುದಿಲ್ಲ ಎಂದಿದ್ದೀಯ. ಮೂರು ತಿಂಗಳ ಪರೀಕ್ಷೆ. ಕರಡಿ ತೆರೆಯಬಾರದು, ಮನುಷ್ಯರು ತೆರೆಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಹಳೆಯ ಬಾಯ್ದೆರೆದ ಡ್ರಮ್ಮುಗಳು ವಾಪಸು, ನಿನ್ನ ಡಬ್ಬಿ ಗುಜರಿಗೆ. ಎಲ್ಲ ಅರ್ಥವಾಗಿದೆ.

ಮೊದಲ ದಿನದ ವರದಿ: ಬೇಕರಿಯವಳು, ಸಲೀಸು. ಕ್ಷೌರದಂಗಡಿಯವನು, ಸಲೀಸು. ನಾನು, ಬಹಳ ಸಲೀಸು.

ಅಕ್ಷರ ಬೇರೆಯಾಗಿದೆಯಲ್ಲ ಎಂದು ಹುಬ್ಬೇರಿಸಬೇಡ. ಅಂಗಡಿಯಲ್ಲಿ ಕೈಗೆ ಬಿಡುವಿಲ್ಲ. ನಾನು ಹೇಳುತ್ತೇನೆ, ನಿನ್ನ ಅತ್ತೆ ಬರೆಯುತ್ತಾಳೆ.

(ಬ್ರಾಕೆಟ್ಟಿನೊಳಗೆ ಇರುವವಳು ನಾನು, ಅತ್ತೆ. ಅಣ್ಣ ಡಬ್ಬಿ ತೆರೆದದ್ದನ್ನು ನಾನು ನೋಡಲಿಲ್ಲ. ಹೇಳಿದ್ದನ್ನು ಬರೆದಿದ್ದೇನೆ.)

ಇಂತು,
ನಿನ್ನ ಅಪ್ಪ, ಅಧಿಕೃತ ವೀಕ್ಷಕರು


ಮಾರ್ಚ್ 20

ಅಪ್ಪನಿಗೆ ನಮಸ್ಕಾರ. ಬ್ರಾಕೆಟ್ಟಿನೊಳಗಿರುವ ಅತ್ತೆಗೂ.

ನಿನ್ನ ನಾಲ್ಕು ವರದಿಗಳೂ ಬಂದವು. ನಾಲ್ಕರಲ್ಲೂ ನೂರಕ್ಕೆ ನೂರು ಸಲೀಸು. ನಮ್ಮ ಕಂಪನಿಯ ಯಜಮಾನರು ಅವನ್ನು ಎರಡೆರಡು ಸಲ ಓದಿದರು. ಅವರ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಬಾಗಿಲನ್ನೂ, ಯಾವ ಮುಚ್ಚಳವನ್ನೂ ಜನ ನೂರಕ್ಕೆ ನೂರು ಸಲೀಸಾಗಿ ತೆರೆದದ್ದಿಲ್ಲವಂತೆ. "ಎಳೀರಿ ಅಂತ ಬರೆದಿದ್ರೆ ತಳ್ತಾರಮ್ಮ ಜನ," ಅಂದರು. "ನಿಮ್ಮಪ್ಪನ ಬೀದೀಲಿ ಯಾರೂ ತಳ್ಳೋದೇ ಇಲ್ವಾ?"

ಇನ್ನೊಂದು ಸಂಗತಿ. ನಿಮ್ಮ ಪುರಸಭೆಯ ಕಸದ ಮೇಸ್ತ್ರಿ ನಮಗೆ ಬೇರೆ ವರದಿ ಕಳಿಸಿದ್ದಾರೆ. ಅವರ ಪ್ರಕಾರ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಡಬ್ಬಿಯ ಪಕ್ಕದಲ್ಲಿ ಹರಿದ ಚೀಲ ಒಂದು ಬಿದ್ದಿರುತ್ತದೆ. ಯಾರೋ ಕಸವನ್ನು ಒಳಗೆ ಹಾಕದೆ ಮುಚ್ಚಳದ ಮೇಲಿಟ್ಟು ಹೋಗುತ್ತಾರೆ, ಬೀಗರು ಬಂದು ಅಲ್ಲೇ ಪಂಕ್ತಿ ಹಾಕುತ್ತಾರೆ. ಚೀಲದಲ್ಲಿ ಇದ್ದದ್ದು ಮೊಟ್ಟೆ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ ಮತ್ತು ಒಂದು ಹಿಡಿ ಸತ್ತ ವಾಚ್ ಬ್ಯಾಟರಿ. ಬ್ಯಾಟರಿಗಳನ್ನು ಬೀಗರು ತಿನ್ನದೆ ಬದಿಗೆ ಸರಿಸಿದ್ದರಂತೆ. ಮೇಸ್ತ್ರಿಗೆ ಅವರ ಮೇಲೆ ಗೌರವ ಬಂದಿದೆ.

ಹೀಗೇ ನಡೆದರೆ ಡಬ್ಬಿ ಸೋತಂತೆಯೇ ಅಪ್ಪ. ಮುಚ್ಚಳದ ಮೇಲೆ ಊಟ ಸಿಗುತ್ತದೆಂದು ಗೊತ್ತಾದ ಕರಡಿ ಆ ಬೀದಿ ಬಿಟ್ಟು ಹೋಗುವುದಿಲ್ಲ. ಮಂಗಳವಾರ, ಶುಕ್ರವಾರ ಚೀಲ ಇಡುವವರು ಯಾರೆಂದು ಸ್ವಲ್ಪ ನೋಡಿ ಬರೆ.

ನಿನ್ನ ಮಗಳು


ಏಪ್ರಿಲ್ 3

ಚಿರಂಜೀವಿ ಮಗಳಿಗೆ,

ತನಿಖೆ ಮುಗಿದಿದೆ. ಶಂಕಿತರು ಇಬ್ಬರು.

ಮೊದಲನೆಯವಳು ಬೇಕರಿಯವಳು. ವಿಚಾರಣೆಗೆ ಹೋದಾಗ, ತನ್ನ ಕಸ ತಾನು ಒಳಗೇ ಹಾಕುತ್ತೇನೆ, ನಿಮ್ಮದು ನೀವು ನೋಡಿಕೊಳ್ಳಿ ಎಂದಳು. ಉತ್ತರದ ಧಾಟಿಯೇ ಅನುಮಾನಕ್ಕೆ ಎಡೆಮಾಡಿಕೊಡುವಂತಿತ್ತು. ಎರಡನೆಯವನು ಕ್ಷೌರದಂಗಡಿಯವನು. ಅವನ ಕಸವೆಲ್ಲ ಕೂದಲು. ಬೀಗರು ಕೂದಲು ತಿನ್ನುವುದಿಲ್ಲವಾದ್ದರಿಂದ ಅವನನ್ನು ಬಿಟ್ಟುಬಿಟ್ಟೆ. ಬ್ಯಾಟರಿಗಳ ವಿಷಯ ಹೇಳುವುದಾದರೆ, ಈ ಬೀದಿಯಲ್ಲಿ ಎಲ್ಲರೂ ವಾಚು ಕಟ್ಟುತ್ತಾರೆ. ಯಾರ ಬ್ಯಾಟರಿ ಎಂದು ಹೇಗೆ ಹೇಳುವುದು. ಒಟ್ಟಿನಲ್ಲಿ ಅಪರಾಧಿ ಹೊರಬೀದಿಯವನು ಎಂದು ತೀರ್ಮಾನಿಸಿ ಕಡತ ಮುಚ್ಚಿದ್ದೇನೆ.

(ಮಂಗಳವಾರ, ಶುಕ್ರವಾರ ನನಗೆ ಕ್ಲಿನಿಕ್ಕಿನಲ್ಲಿ ಬೆಳಗಿನ ಡ್ಯೂಟಿ, ಐದು ಕಾಲಿಗೆ ಮನೆ ಬಿಡುತ್ತೇನೆ. ಉಳಿದ ದಿನ ಕಸ ಹಾಕುವವಳು ನಾನೇ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆಯಲು ಅಣ್ಣ ಹೇಳಿದ್ದಾರೆ. ಬರೆದಿದ್ದೇನೆ.)

ಏನೇ ಇರಲಿ, ಇನ್ನು ಮುಂದೆ ಚೀಲ ಹೊರಗಿರುವುದಿಲ್ಲ. ಹೇಗೆ ಎಂದು ಕೇಳಬೇಡ. ಕೈಕೆಲಸ ಬಲ್ಲವನಿಗೆ ದಾರಿ ಇದ್ದೇ ಇರುತ್ತದೆ.

(ಭಾನುವಾರವಿಡೀ ಇಕ್ಕಳ, ತಂತಿ ಹಿಡಿದು ಕೂತಿದ್ದರು. ಏನದು ಅಂದರೆ ನಿನಗ್ಯಾಕೆ ಅಂದರು. ಇದನ್ನು ಮಾತ್ರ ಅವರು ಹೇಳದೆ ಬರೆದಿದ್ದೇನೆ.)

ಇಂತು,
ನಿನ್ನ ಅಪ್ಪ


ಏಪ್ರಿಲ್ 21

ಅಪ್ಪನಿಗೆ,

ಬೀಗರು ಡಬ್ಬಿ ತೆರೆದರು.

ಮೇಸ್ತ್ರಿ ಕಂಬಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಎಲ್ಲ ಬಂದಿದೆ. ಬೆಳಗ್ಗೆ ಐದೂ ನಲವತ್ತಕ್ಕೆ ಬಂದರು, ಒಂದು ಉಗುರು ಮುಂದೆ ಮಾಡಿದರು, ಎಳೆದರು, ಮುಚ್ಚಳ ಎತ್ತಿದರು. ಒಟ್ಟು ಎಂಟು ಸೆಕೆಂಡು. ಇದೇ ಡಬ್ಬಿಯನ್ನು ಮೊದಲ ಸಲ ತೆರೆಯಲು ನಮ್ಮ ಯಜಮಾನರಿಗೆ ಇಪ್ಪತ್ತು ಸೆಕೆಂಡು ಬೇಕಾಗಿತ್ತು. ಆಫೀಸಿನಲ್ಲಿ ಎಲ್ಲರೂ ಆ ವಿಡಿಯೋ ನೋಡಿ ನಕ್ಕರು. ನಾನೂ ನಕ್ಕೆ, ಎದ್ದು ಹೋದರೆ ಚೆನ್ನಾಗಿರುವುದಿಲ್ಲವಲ್ಲ.

ಮೇ 30ಕ್ಕೆ ಪುರಸಭೆಯ ಸಮಿತಿ ಡಬ್ಬಿಯ ಮುಂದೆಯೇ ಸೇರುತ್ತದೆ. ಉಳಿಯುವುದೋ ಗುಜರಿಗೋ ಅಂದೇ ಇತ್ಯರ್ಥ.

ಆ ಚಿತ್ರವನ್ನು ನಾನು ದೊಡ್ಡದು ಮಾಡಿ ನೋಡಿದೆ. ಜೇಬಿನೊಳಗಿನ ಪಟ್ಟಿಗೆ ಯಾರೋ ಉಕ್ಕಿನ ತಂತಿ ಕಟ್ಟಿ, ಹೊರಗೆ ಬಳೆಯಷ್ಟು ದೊಡ್ಡ ಉಂಗುರ ಬಿಟ್ಟಿದ್ದಾರೆ. ಬೆರಳು ಬಳಸದೆ, ಮಣಿಕಟ್ಟು ತೂರಿಸಿ ಎಳೆಯುವ ಹಾಗೆ. ಮಣಿಕಟ್ಟು ಹೋಗುವಲ್ಲಿ ಉಗುರು ಹೋಗದೆ ಇರುತ್ತದೆಯೇ.

ತಂತಿಯ ತುದಿ ಯಾರಿಗೂ ಚುಚ್ಚದಂತೆ ಒಳಕ್ಕೆ ಮಡಿಸಿದೆ. ಹಾಗೆ ಮಡಿಸುವುದನ್ನು ನನಗೆ ಒಬ್ಬರು ಕಲಿಸಿದ್ದರು, ನನಗಾಗ ಒಂಬತ್ತು ವರ್ಷ. ಐದು ಸುತ್ತು ಹಾಕಬೇಕು ಎಂದಿದ್ದರು. ನಾಲ್ಕು ಹಾಕಿದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಈ ತಂತಿಯಲ್ಲಿ ಮೂರೇ ಸುತ್ತು ಇವೆ. ಮೂರನೆಯದು ಸಡಿಲ.

ಯಾರು ಎಂದು ನಾನು ಕೇಳುವುದಿಲ್ಲ. ಮೂರೇ ಯಾಕೆ ಎಂದು ಯೋಚಿಸುತ್ತಾ ಕೂತಿದ್ದೇನೆ. ತಂತಿ ತೆಗೆಯಲು ಮೇಸ್ತ್ರಿಗೆ ಹೇಳಿದ್ದೇನೆ.

ನಿನ್ನ ಮಗಳು


ಮೇ 4

ಅಧಿಕೃತ ವೀಕ್ಷಕ ಮಹಾಶಯರ ಸನ್ನಿಧಿಗೆ,

ಹಿಂದಿನ ಕಾಗದ ಕಳಿಸಿ ಹದಿಮೂರು ದಿನಗಳಾದರೂ ತಮ್ಮ ವರದಿ ಬಂದಿಲ್ಲ. ತಾವು ರಾಜೀನಾಮೆ ಕೊಟ್ಟಿದ್ದರೆ ನಿಯಮದ ಪ್ರಕಾರ ಒಂದು ತಿಂಗಳ ನೋಟಿಸು ಕೊಡಬೇಕಾಗುತ್ತದೆ.

ನಮ್ಮ ಕಂಪನಿಗೆ ತಮ್ಮಿಂದ ಒಂದು ಸಹಾಯ ಬೇಕು. ತಮ್ಮ ಬೀದಿಯಲ್ಲಿ ಒಬ್ಬ ಮಹನೀಯರು ಇದ್ದಾರೆಂದು ತಿಳಿದುಬಂದಿದೆ. ಅವರಿಗೆ ನಮ್ಮ ಚಿಲಕ ಹಿಂಡಲು ಆಗುತ್ತಿಲ್ಲ. ಅವರು ಯಾರೆಂದು ನಮಗೆ ಬೇಕಾಗಿಲ್ಲ. ತಾವು ಅವರನ್ನು ಕಂಡು ಮೂರು ಪ್ರಶ್ನೆ ಕೇಳಬೇಕು. ಎಷ್ಟು ದಿನದಿಂದ? ಮನೆಯವರಿಗೆ ಗೊತ್ತೇ? ಕೈಯ ಯಾವ ಭಾಗ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ?

ಅವರಿಗೆ ಇದನ್ನೂ ತಿಳಿಸಿ. ಈ ಚಿಲಕವನ್ನು ನಾನು ನಲವತ್ತು ಮಂದಿಯ ಕೈಯಲ್ಲಿ ಪರೀಕ್ಷೆ ಮಾಡಿಸಿದ್ದೆ. ನಲವತ್ತು ಜನವೂ ನಮ್ಮ ಕಾರ್ಖಾನೆಯ ಫಿಟ್ಟರುಗಳು, ವೆಲ್ಡರುಗಳು. ಕಬ್ಬಿಣ ಹಿಂಡಿ ಅನ್ನ ತಿನ್ನುವ ಕೈಗಳು. ಕರಡಿಯ ಪಂಜ ಅಳೆಯಲು ಮೃಗಾಲಯಕ್ಕೆ ಎರಡು ಸಲ ಹೋದವಳು, ನೋಯುವ ಹೆಬ್ಬೆರಳೊಂದನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ. ತಪ್ಪು ಬೀಗರದ್ದಲ್ಲ, ಮಹನೀಯರದ್ದೂ ಅಲ್ಲ.

ತಮ್ಮ ವಿಧೇಯಳು,
ಡಬ್ಬಿ ಮಾಡಿದವಳು


ಮೇ 10

ಡಬ್ಬಿ ಮಾಡಿದವಳಿಗೆ,

ತಮ್ಮ ಆದೇಶದಂತೆ ಆ ಮಹನೀಯರನ್ನು ಹುಡುಕಿ ಮಾತಾಡಿಸಿದೆ. ಸ್ವಲ್ಪ ಮೊಂಡ ಮನುಷ್ಯ ಎನಿಸಿತು.

(ಸ್ವಲ್ಪವೇ.)

ಹದಿನಾಲ್ಕು ತಿಂಗಳಿಂದ ಹೀಗಿದೆಯಂತೆ. ಹೆಬ್ಬೆರಳ ಬುಡದಲ್ಲಿ ಮರಳು ತುಂಬಿದಂತೆ ಆಗುತ್ತದಂತೆ. ಹಿಡಿಯಬಲ್ಲರು, ಹಿಂಡಲಾರರು. ತಂಗಿಗೆ ಗೊತ್ತು, ನರ್ಸಾಗಿರುವವಳ ಕಣ್ಣು ತಪ್ಪಿಸುವುದು ಹೇಗೆ. ಯಾರಿಗೂ ಹೇಳಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದಾರೆ. ಬ್ರಾಕೆಟ್ಟಿನ ಬಗ್ಗೆ ಆಣೆಯಲ್ಲಿ ಪ್ರಸ್ತಾಪವಿರಲಿಲ್ಲ ಎಂದು ಅವಳ ವಾದ. ಮಗಳಿಗೆ ಹೇಳಿಲ್ಲ. ಗಡಿಯಾರದವನ ಕೈ ಹೋಯಿತೆಂದು ಬೀದಿಗೆ ಗೊತ್ತಾದರೆ ಯಾರೂ ವಾಚು ತರುವುದಿಲ್ಲ, ಮಗಳಿಗೆ ಗೊತ್ತಾದರೆ ಅಂಗಡಿ ಮುಚ್ಚು ಎನ್ನುತ್ತಾಳೆ. ಎರಡನೆಯದಕ್ಕೇ ಹೆಚ್ಚು ಹೆದರಿಕೆಯಂತೆ.

ಚೆನ್ನಾಗಿರುವ ಭಾಗ: ಮೊಣಕೈ, ಮುಂಗೈ, ತಲೆ.

ತಲೆಯನ್ನು ಅವರು ಸುಮ್ಮನೆ ಹೇಳಲಿಲ್ಲ. ಒಂದು ಉಪಾಯ ಕೊಟ್ಟಿದ್ದಾರೆ. ಗಂಟೆ ಹೊಡೆಯುವ ಗೋಡೆ ಗಡಿಯಾರದೊಳಗೆ ಪುಟ್ಟ ರೆಕ್ಕೆಯೊಂದು ಗಿರ್ರನೆ ತಿರುಗುತ್ತದಲ್ಲ, ಸ್ಪ್ರಿಂಗು ಅವಸರ ಮಾಡಿದಷ್ಟೂ ಅದು ಹೆಚ್ಚು ತಡೆಯುತ್ತದೆ. ನಿನ್ನ ಮುಚ್ಚಳಕ್ಕೂ ಅಂಥದ್ದೇ ಬುದ್ಧಿ ಕಲಿಸು. ಜೇಬು ಬೇಡ, ಹಿಂಡುವ ಪಟ್ಟಿ ಬೇಡ. ಮೊಣಕೈ ಎತ್ತರದಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಹಲಗೆ ಇರಲಿ. ಮುಂಗೈ ಇಟ್ಟು ನಿಧಾನವಾಗಿ ಒತ್ತಿಹಿಡಿದು ಮೂರು ಎಣಿಸಿದರೆ ಚಿಲಕ ಬಿಡಬೇಕು. ಗುದ್ದಿದರೆ ಒಳಗಿನ ಕೊಂಡಿ ಹಾರಿ ಕಚ್ಚಿಕೊಳ್ಳಬೇಕು. ಜೋರು ಮಾಡಿದಷ್ಟೂ ಬಿಗಿ.

ಬೀಗರನ್ನು ನಾನು ಅಂಗಡಿಯ ಕಿಟಕಿಯಿಂದ ಒಂಬತ್ತು ಮುಂಜಾವು ನೋಡಿದ್ದೇನೆ. ಮೊದಲು ಗುದ್ದು, ಆಮೇಲೆ ಎಳೆತ, ಆಮೇಲೆ ಬೈಗುಳದಂಥ ಒಂದು ಸದ್ದು. ಒತ್ತಿಹಿಡಿದು ಕಾಯುವ ಜಾಯಮಾನ ಅವರದಲ್ಲ.

ಇಂತು,
ವೀಕ್ಷಕರು


ಮೇ 25

ಅಪ್ಪನಿಗೆ,

ಮಹನೀಯರ ಚಿಲಕ ತಯಾರಾಗಿದೆ. ಒಂದೇ ಬದಲಾವಣೆ ಮಾಡಿದೆ: ಮೂರು ಎಣಿಸುವಷ್ಟು ಹೊತ್ತನ್ನು ಎರಡಕ್ಕೆ ಇಳಿಸಿದೆ. ಈ ಸಲ ಕಾರ್ಖಾನೆಯ ಹೊರಗಿನವರನ್ನು ಕರೆಸಿ ನೋಡಿದೆ. ಜನ ಮೂರರವರೆಗೆ ಕಾಯುವುದಿಲ್ಲ, ಎರಡಕ್ಕೇ ಕಾಲಿನಿಂದ ಒದೆಯುತ್ತಾರೆ. ನಮ್ಮ ವೆಲ್ಡರೊಬ್ಬ ಸುತ್ತಿಗೆಯಿಂದ ಹೊಡೆದ. ಕೊಂಡಿ ಕಚ್ಚಿ ಕೂತಿತು. ಆಮೇಲೆ ಊಟದ ಡಬ್ಬಿ ತೊಳೆಯುವ ಅಜ್ಜಿ ಬಂದು ಮುಂಗೈ ಇಟ್ಟರು, ಮುಚ್ಚಳ ಎದ್ದಿತು. ವೆಲ್ಡರ್ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಆದರೆ ತೊಡಕೊಂದಿದೆ. ನಿಮ್ಮ ಅಧ್ಯಕ್ಷರು ಕೇಳುತ್ತಿದ್ದಾರೆ, ಹಳೆಯ ಚಿಲಕವೇ ಎಲ್ಲರಿಗೂ ಸಲೀಸು ಎಂದು ನಿಮ್ಮದೇ ವರದಿಗಳು ಹೇಳುತ್ತಿವೆ, ಬದಲಾಯಿಸುವ ಅಗತ್ಯವೇನು, ಕರಡಿ ತೆರೆದ ಡಬ್ಬಿ ನಮಗೆ ಬೇಡ ಎಂದು. ಹಳೆಯದು ಆಗದವರು ಯಾರಾದರೂ ಇದ್ದರೆ ಅವರೇ ಬಂದು, ಎಲ್ಲರೆದುರು ಹೊಸದನ್ನು ತೆರೆದು ತೋರಿಸಬೇಕಂತೆ. ವೀಕ್ಷಕರ ಕಾಗದ ಸಾಲುವುದಿಲ್ಲ. ತಯಾರಿಸಿದವರು ಅಲ್ಲಿರಬಾರದೆಂಬ ನಿಯಮವಿರುವುದರಿಂದ ನಾನು ಬರುವಂತಿಲ್ಲ. ಫಿಟ್ಟರ್ ಮಾತ್ರ 29ಕ್ಕೆ ಬಂದು ಮುಚ್ಚಳ ಕೂರಿಸುತ್ತಾನೆ.

ಮಹನೀಯರು ಬರಲೇಬೇಕು ಎಂದು ನಾನು ಹೇಳಲಾರೆ. ಅಂಗಡಿ ಅವರದು, ಕೈ ಅವರದು. ಬರದಿದ್ದರೆ ಈ ಡಬ್ಬಿ ಹೋಗುತ್ತದೆ, ನಾನು ಇನ್ನೊಂದು ಡಬ್ಬಿ ಮಾಡುತ್ತೇನೆ.

ಅವರ ಮಗಳ ಪರವಾಗಿ ಒಂದು ಮಾತು: ಅಂಗಡಿ ಮುಚ್ಚು ಎಂದು ಅವಳು ಹೇಳುವುದಿಲ್ಲವಂತೆ. ಜೂನ್ ಎಂಟಕ್ಕೆ ಊರಿಗೆ ಬರುತ್ತಾಳಂತೆ.

ನಿನ್ನ ಮಗಳು


ಜೂನ್ 1

ಚಿರಂಜೀವಿ ಮಗಳಿಗೆ,

ಅಂತಿಮ ವರದಿ.

ಮೇ 30, ಹನ್ನೊಂದು ಗಂಟೆ. ಸಮಿತಿಯ ಐವರು, ಮೇಸ್ತ್ರಿ, ಫಿಟ್ಟರ್, ಮತ್ತು ಈ ಸಲ ಬೀದಿಗೆ ಬೀದಿಯೇ. ಅಧ್ಯಕ್ಷರು ಹಿಂದಿನ ಭಾಷಣದಲ್ಲಿ ಬೆಂಕಿ, ಚಕ್ರಗಳ ಸಾಲಿನಲ್ಲಿ ನಿಲ್ಲಿಸಿದ್ದ ಡಬ್ಬಿಯನ್ನು ಈಗ ಹಣ ನುಂಗುವ ತಗಡು ಎಂದರು. ಆಮೇಲೆ ಸುತ್ತ ನೋಡಿ, "ಹಳೇ ಚಿಲಕ ಆಗ್ತಿರಲಿಲ್ಲ ಅನ್ನೋರು ಯಾರಪ್ಪ, ಮುಂದೆ ಬನ್ನಿ," ಎಂದರು. ಎಲ್ಲರೂ ಆಕಾಶ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ. ವೀಕ್ಷಕರು ಅಂಗಡಿಯೊಳಗೆ ಕೂತು, ಎಂದೋ ಸರಿಹೋಗಿದ್ದ ಗೋಡೆ ಗಡಿಯಾರವೊಂದನ್ನು ಮತ್ತೆ ರಿಪೇರಿ ಮಾಡುತ್ತಿದ್ದರು.

ಅಧ್ಯಕ್ಷರು ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಬಿಚ್ಚಿ ಲಾರಿಗೆ ಹಾಕು ಎಂದು ಫಿಟ್ಟರಿಗೆ ಹೇಳಿದರು. ಅವನು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಆ ಕಿರ್ರ್ ಸದ್ದಿಗೆ ನಾನು ಎದ್ದೆ.

ಕಸದ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿ ದಾಟಿದೆ. ಹದಿನಾಲ್ಕು ಹೆಜ್ಜೆ.

"ನನ್ ಕೈಲಿ ತೆಗೆಯೋಕೆ ಆಗ್ತಿರಲಿಲ್ಲ," ಎಂದೆ. "ಚೀಲ ಇಡ್ತಿದ್ದೋನು ನಾನೇ. ತಂತಿ ಕಟ್ಟಿದೋನೂ ನಾನೇ. ಸಲೀಸು ಅಂತ ಬರೆಸಿದ್ದು ಸುಳ್ಳು."

ಹಲಗೆಯ ಮೇಲೆ ಮುಂಗೈ ಇಟ್ಟು ಒತ್ತಿದೆ. ಒಂದು, ಎರಡು. ಒಳಗೆ ಟಕ್ ಎಂದಿತು. ಒಳ್ಳೆಯ ಸದ್ದು, ಚೆನ್ನಾಗಿ ಕೂತ ಹಲ್ಲುಚಕ್ರದ ಸದ್ದು. ಮುಚ್ಚಳ ತಾನಾಗಿ ಎದ್ದಿತು. ಬುಟ್ಟಿ ಬೋರಲು ಹಾಕಿದೆ.

ಮೊದಲು ಬಾಯಿ ಬಿಟ್ಟವಳು ಬೇಕರಿಯವಳು. "ನಾನೂ ಬ್ರೆಡ್ ಇಕ್ಕಳ ಹಾಕೇ ತೆಗೀತಿದ್ದೆ," ಎಂದಳು. "ನೀವು ಎದುರಿಗೆ ಕೂತು ನೋಡ್ತಿದ್ರಲ್ಲ, ಮರ್ಯಾದೆ ಪ್ರಶ್ನೆ ಅಂತ ಸುಮ್ನಿದ್ದೆ." ಕ್ಷೌರದಂಗಡಿಯವನ ಕಥೆ ಇನ್ನೂ ಚೆನ್ನಾಗಿದೆ. ಅವನು ಅರ್ಧ ಗಡ್ಡ ಹೆರೆದ ಗಿರಾಕಿಯ ಕೈಗೆ ಕಸ ಕೊಟ್ಟು ಕಳಿಸುತ್ತಿದ್ದನಂತೆ; ಆ ಸ್ಥಿತಿಯಲ್ಲಿ ಯಾರೂ ಆಗುವುದಿಲ್ಲ ಎನ್ನುವುದಿಲ್ಲ, ಓಡಿಯೂ ಹೋಗುವುದಿಲ್ಲ. ಒಬ್ಬೊಬ್ಬರಾಗಿ ಒಂಬತ್ತು ಮಂದಿ ಒಪ್ಪಿಕೊಂಡರು. ನನ್ನ ನೂರಕ್ಕೆ ನೂರು ವರದಿಯಲ್ಲಿ ನಿಜವಾದದ್ದು ತಾರೀಖು ಮಾತ್ರ.

ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ. ಕೋಟಿನ ತೋಳು ಮೇಲೇರಿಸಿ ಹಲಗೆಗೆ ಒಂದು ಗುದ್ದಿದರು. ಕಚ್ಚಿಕೊಂಡಿತು. ಇನ್ನೊಂದು ಗುದ್ದಿದರು. ಮೇಸ್ತ್ರಿ ಅವರ ಕಿವಿಯ ಹತ್ತಿರ ಹೋಗಿ, "ಸಾರ್, ಬೀಗರೂ ಹಿಂಗೇ ಮಾಡ್ತಾರೆ," ಎಂದ. ಅದಾದ ಮೇಲೆ ಸಮಿತಿಯ ನಿರ್ಣಯ ಬೇಗ ಆಯಿತು. ಡಬ್ಬಿ ಉಳಿಯುತ್ತದೆ. ಇದೇ ಚಿಲಕ ಹಾಕಿ ಇನ್ನೂ ಮೂವತ್ತು ಮಾಡಿಸುತ್ತಾರಂತೆ, ನಿನಗೆ ಪತ್ರ ಬರುತ್ತದೆ.

ಮಾರನೆಯ ಬೆಳಗ್ಗೆ ಐದೂ ನಲವತ್ತೇಳಕ್ಕೆ ಬೀಗರು ಬಂದರು. ಮೂರು ಸಲ ಗುದ್ದಿದರು, ಎಳೆದರು, ಕೂತರು, ನನ್ನ ಅಂಗಡಿಯ ಕಡೆ ಒಂದು ಸಲ ನೋಡಿದರು, ಎದ್ದು ಗುಡ್ಡ ಹತ್ತಿದರು. ಇವತ್ತು ಬಂದಿಲ್ಲ.

ಅಂಗಡಿಯ ವಿಷಯ. ಮೂವರು ಬಂದು ತಮ್ಮ ವಾಚು ವಾಪಸು ತೆಗೆದುಕೊಂಡು ಹೋದರು. ತಪ್ಪಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಎರಡು ಗೋಡೆ ಗಡಿಯಾರ ಬಂದಿವೆ. ಕೈಗಡಿಯಾರ ತೆಗೆದುಕೊಳ್ಳುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಅಂಟಿಸುವಾಗ ಏನೂ ಅನಿಸಲಿಲ್ಲ ಎಂದರೆ ಅದೂ ಒಂದು ಸುಳ್ಳು ವರದಿಯಾಗುತ್ತದೆ. ಕಸದ ಡಬ್ಬಿಯ ಬಗ್ಗೆ ಹಿಂದೆ ಆಡಿದ್ದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

ಎಂಟಕ್ಕೆ ಬರುವಾಗ ಒಂದು ಸಣ್ಣ ಉಪಕಾರ ಮಾಡು. ಗುಂಡಿ ಇಲ್ಲದ, ತಲೆಯ ಮೇಲಿಂದ ಎಳೆದುಕೊಳ್ಳುವಂಥ ಶರ್ಟು ಎರಡು ತಾ. ಈಗಿರುವುದನ್ನು ಹಾಕಿಕೊಳ್ಳಲು ದಿನಾ ಇಪ್ಪತ್ತು ನಿಮಿಷ ಹಿಡಿಯುತ್ತಿದೆ. ಅಳತೆ ನಲವತ್ತೆರಡು. ಕತ್ತು ಅಗಲವಿರಲಿ.

ಇಂತು,
ನಿನ್ನ ಅಪ್ಪ